ಕೊನೆಯ ಹತ್ತು ಕಾರ್ಡುಗಳನ್ನು ಪ್ಯಾಕ್‌ನಲ್ಲಿ ಹುಡುಕಬೇಡಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಏಳನೇ ತರಗತಿಯ ಮಗಳೂ ನಾನೂ ಸೇರಿ ಕಳೆದ ದಸರಾ ರಜೆಯಿಂದ ಪೋಕೆಮಾನ್ ಕಾರ್ಡು ಕೂಡಿಸುತ್ತಿದ್ದೇವೆ. ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಬಂದಾಗಲೆಲ್ಲ ಎರಡು ಮೂರು ಪ್ಯಾಕ್ ಕೊಂಡೊಯ್ಯುತ್ತೇನೆ; ಮುಚ್ಚಿದ ಕವರು, ಒಳಗೆ ಯಾವ ಕಾರ್ಡುಗಳಿವೆ ಎಂದು ಒಡೆದ ಮೇಲೆಯೇ ಗೊತ್ತಾಗುವುದು. ಒಂದಕ್ಕೆ 400 ರೂಪಾಯಿ. ಮೊನ್ನೆ ಖಾಲಿ ಕವರುಗಳನ್ನು ಎಣಿಸಿದಾಗ 35 ಆಯಿತು, ಅಂದರೆ 14,000 ರೂಪಾಯಿ. 198 ಕಾರ್ಡುಗಳ ಸೆಟ್‌ನಲ್ಲಿ ಇನ್ನೂ 52 ಬಾಕಿ, ಡಬಲ್‌ಗಳೇ ಇನ್ನೂರರಷ್ಟಿವೆ. ಇದು ಇಸ್ಪೀಟಿನಷ್ಟೇ ಕೆಟ್ಟ ಜೂಜು ಎಂದು ನಮ್ಮಮ್ಮ ಹೇಳುತ್ತಾರೆ. ಇಟ್ಟುಕೊಂಡರೆ ಹತ್ತು ವರ್ಷದಲ್ಲಿ ಲಕ್ಷ ಬರುತ್ತದೆ ಎಂದು ಭಾವಮೈದ ಹೇಳುತ್ತಾನೆ. ಜಾತ್ರೆಯಲ್ಲಿ 150 ರೂಪಾಯಿಗೆ 55 ಚಿನ್ನದ ಬಣ್ಣದ ಕಾರ್ಡು ಕೊಂಡೆವು; ಅವು ಅಸಲಿಯೇ? ಮಳೆ ಹಿಡಿದ ಮೇಲೆ ಹೊಳೆಯುವ ಕಾರ್ಡುಗಳೆಲ್ಲ ಬಾಗಿವೆ, ಲ್ಯಾಮಿನೇಷನ್ ಮಾಡಿಸಲೇ? ಅಂಗಡಿ ಬಿಟ್ಟು ಆನ್‌ಲೈನ್‌ನಲ್ಲಿ ತರಿಸಿದರೆ ಅಗ್ಗವಾದೀತೇ? ಮಗಳ ಸಂತೋಷವನ್ನು ಕಿತ್ತುಕೊಳ್ಳಲು ಮನಸ್ಸಿಲ್ಲ. ನನಗೂ ಇದು ಇಷ್ಟವೇ, ಅದನ್ನು ಮುಚ್ಚಿಡುವುದಿಲ್ಲ.

ಉತ್ತರ: ಎಲ್ಲಕ್ಕಿಂತ ಮೊದಲು ಒಂದು ತುರ್ತಿನ ಮಾತು. ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಕಾರ್ಡು ಹರಿಯದೆ ಬಿಡಿಸಲು ಆಗುವುದಿಲ್ಲ. ಅಂಥ ಕಾರ್ಡನ್ನು ಯಾರೂ ಬದಲಿಗೆ ತೆಗೆದುಕೊಳ್ಳುವುದಿಲ್ಲ, ಆಟದಲ್ಲಿ ಬೇರೆ ಕಾರ್ಡುಗಳ ಜೊತೆ ಕಲೆಸಲೂ ಬರುವುದಿಲ್ಲ. ಬಾಗಿದ ಕಾರ್ಡು ಸರಿಹೋಗುತ್ತದೆ, ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಶಿವಮೊಗ್ಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಆಟಿಕೆ ಮತ್ತು ಸ್ಟೇಷನರಿ ಅಂಗಡಿ ನಡೆಸುತ್ತಿದ್ದೇನೆ, ಕಾರ್ಡುಗಳನ್ನೂ ಮಾರುತ್ತೇನೆ. ಆದ್ದರಿಂದ ನನ್ನ ಮಾತನ್ನು ತೂಗಿ ನೋಡಿಯೇ ತೆಗೆದುಕೊಳ್ಳಿ. ಆದರೆ ನೀವು ಇನ್ನಷ್ಟು ಪ್ಯಾಕ್ ಕೊಳ್ಳಬೇಕು ಎಂದು ನಾನು ಹೇಳಲು ಹೊರಟಿಲ್ಲ. ನಿಮ್ಮ ಪತ್ರದಲ್ಲಿರುವ ಚಿಂತೆ ಹವ್ಯಾಸವನ್ನು ಬಿಡಬೇಕೇ ಎಂಬುದಲ್ಲ. ದುಡ್ಡು ಎಲ್ಲಿ ಸೋರುತ್ತಿದೆ ಎಂಬುದು. ಆ ತೂತು ಎಲ್ಲಿದೆ ಎಂದು ನಿಖರವಾಗಿ ತೋರಿಸಬಹುದು.

ಲೆಕ್ಕಕ್ಕೆಂದು 100 ಬಗೆಯ ಕಾರ್ಡುಗಳಿವೆ, ಎಲ್ಲವೂ ಸಮನಾಗಿ ಸಿಗುತ್ತವೆ, ಒಂದೊಂದಾಗಿ ತೆಗೆಯುತ್ತಾ ಹೋಗುತ್ತೀರಿ ಎಂದುಕೊಳ್ಳಿ. ಮೊದಲ 50 ಬಗೆ ಕೈಸೇರಲು ಸರಾಸರಿ 69 ಕಾರ್ಡು ತೆಗೆದರೆ ಸಾಕು. ನೂರೂ ಪೂರ್ತಿಯಾಗಲು ಬೇಕಾಗುವುದು 519. ಅದರಲ್ಲಿ ಕೊನೆಯ ಹತ್ತಕ್ಕೇ 293 ಕಾರ್ಡು ಹೋಗುತ್ತದೆ, ಕಟ್ಟಕಡೆಯ ಒಂದಕ್ಕೆ 100. ಅಂದರೆ ಅರ್ಧಕ್ಕಿಂತ ಹೆಚ್ಚು ಖರ್ಚು ಕೊನೆಯ ಹತ್ತು ಕಾರ್ಡುಗಳ ಬೆನ್ನು ಹತ್ತುವುದಕ್ಕೇ ಆಗುತ್ತದೆ. ನಿಜವಾದ ಸೆಟ್‌ನಲ್ಲಿ ಎಲ್ಲ ಕಾರ್ಡುಗಳೂ ಸಮನಾಗಿ ಸಿಗುವುದಿಲ್ಲ, ಆದ್ದರಿಂದ ಪರಿಸ್ಥಿತಿ ಇದಕ್ಕಿಂತ ಬಿಗಿ. ಈಗಿನ ಇಂಗ್ಲಿಷ್ ಪೋಕೆಮಾನ್ ಪ್ಯಾಕ್‌ನ ಹತ್ತು ಕಾರ್ಡುಗಳಲ್ಲಿ ಏಳು ಕೆಳಗಿನ ಎರಡು ದರ್ಜೆಯವೇ. ನಿಮ್ಮ ಮನೆಯಲ್ಲಿ ಡಬಲ್ ರಾಶಿಯಾಗಿರುವುದು ನಿಮ್ಮ ದುರದೃಷ್ಟದಿಂದಲ್ಲ, ಅಂಗಡಿಯವನ ಕೈಚಳಕದಿಂದಲೂ ಅಲ್ಲ. 35 ಪ್ಯಾಕ್ ಒಡೆದ ಯಾರ ಮನೆಯಲ್ಲಾದರೂ ಆಗುವುದು ಇಷ್ಟೇ.

ಇನ್ನೊಂದು ತಪ್ಪು ನಂಬಿಕೆಯನ್ನು ನನ್ನ ಕೌಂಟರಿನ ಮುಂದೆ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ: ನೂರು ಪ್ಯಾಕ್‌ಗೆ ಒಂದರಂತೆ ಬರುವ ಕಾರ್ಡು ನೂರು ಪ್ಯಾಕ್ ಕೊಂಡರೆ ಸಿಕ್ಕೇ ಸಿಗುತ್ತದೆ ಎಂಬುದು. ಸಿಗುವ ಸಾಧ್ಯತೆ ಶೇಕಡಾ 63 ಮಾತ್ರ. ನಿಮ್ಮ ದರದಲ್ಲಿ 40,000 ರೂಪಾಯಿ ಸುರಿದ ಮೇಲೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಬರಿಗೈಯಲ್ಲಿ ಉಳಿಯುತ್ತಾರೆ. ‘ಇಷ್ಟು ಹೊತ್ತು ಬರಲಿಲ್ಲ, ಇನ್ನು ಬರಲೇಬೇಕು’ ಎಂಬ ಹಟವನ್ನು ಪ್ಯಾಕ್ ಲೆಕ್ಕಕ್ಕೆ ಇಡುವುದಿಲ್ಲ.

ಇಲ್ಲಿಗೆ ನಿಮ್ಮ ತಾಯಿಯವರ ಮಾತಿಗೆ ಬರೋಣ. ಅವರ ಮಾತನ್ನು ತಳ್ಳಿಹಾಕಬೇಡಿ. ಕಾರ್ಡಿನಾಟ ಜೂಜಲ್ಲ, ಸಂಗ್ರಹವೂ ಜೂಜಲ್ಲ. ಆದರೆ ಮುಚ್ಚಿದ ಪ್ಯಾಕ್ ಒಡೆಯುವ ಕ್ಷಣದಲ್ಲಿ ಜೂಜಿನ ಅಂಶ ಖಂಡಿತ ಇದೆ. ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದ ಬಹುಮಾನಕ್ಕೆ ಮನಸ್ಸು ಹೆಚ್ಚು ಅಂಟಿಕೊಳ್ಳುತ್ತದೆ. ದೊಡ್ಡವರಿಗೂ ಇದು ಅಷ್ಟೇ ನಿಜ. ಪ್ಯಾಕ್‌ಗೆಂದು ತಿಂಗಳಿಗೆ ಇಷ್ಟು ಎಂದು ಒಂದು ಕವರಿನಲ್ಲಿ ಹಣವನ್ನು ಮೊದಲೇ ತೆಗೆದಿಡಿ. ಮುಗಿದರೆ ಮುಗಿಯಿತು. ಮಗಳು ಪ್ಯಾಕ್ ಕೊಂಡದ್ದನ್ನು ಬಚ್ಚಿಡಲು ತೊಡಗಿದರೆ, ಒಡೆದ ಕಾರ್ಡುಗಳನ್ನು ನೋಡದೆಯೇ ಮುಂದಿನದನ್ನು ಕೇಳಿದರೆ, ಆಗ ಎರಡು ತಿಂಗಳು ಪ್ಯಾಕ್ ನಿಲ್ಲಿಸಿ. ಕೈಯಲ್ಲಿರುವ ಕಾರ್ಡುಗಳ ಆಟವನ್ನು ನಿಲ್ಲಿಸುವ ಅಗತ್ಯವಿಲ್ಲ. ನನ್ನ ಅನುಭವದಲ್ಲಿ ಕಾರ್ಡುಗಳನ್ನು ಜೋಡಿಸುತ್ತಾ, ಆಡುತ್ತಾ ಗಂಟೆಗಟ್ಟಲೆ ಕಳೆಯುವ ಮಕ್ಕಳು ಪ್ಯಾಕ್ ಕೇಳುವುದು ಕಡಿಮೆ.

ಭಾವಮೈದನ ಲಕ್ಷದ ಮಾತು ಬೇಗ ಮುಗಿಯುವಂಥದ್ದು. ಪತ್ರಿಕೆಗಳಲ್ಲಿ ಓದುವ ಕೋಟಿ ಬೆಲೆಯ ಕಾರ್ಡುಗಳು ಹಳೆಯವು ಎಂಬ ಕಾರಣಕ್ಕೆ ಬೆಲೆ ಬಾಳುವುದಿಲ್ಲ. ಅವು ಅಚ್ಚಾದದ್ದೇ ಕೆಲವು, ಚೆನ್ನಾಗಿ ಉಳಿದದ್ದು ಇನ್ನೂ ಕಡಿಮೆ. ಪಿಕಾಚು ಇಲಸ್ಟ್ರೇಟರ್ ಎಂಬ ಕಾರ್ಡು ಜಪಾನಿನಲ್ಲಿ 1997-98ರ ಚಿತ್ರ ಸ್ಪರ್ಧೆಗಳ ಬಹುಮಾನವಾಗಿ ಹಂಚಿಕೆಯಾದದ್ದು, ಅದು ಅಂಗಡಿಯ ಪ್ಯಾಕ್‌ನಲ್ಲಿ ಬಂದೇ ಇಲ್ಲ. ಇದಕ್ಕೆ ವಿರುದ್ಧವಾಗಿ ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಜನ ಬೇಸ್‌ಬಾಲ್ ಕಾರ್ಡುಗಳನ್ನು ಹೂಡಿಕೆಯೆಂದು ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಎಲ್ಲರೂ ಕೂಡಿಟ್ಟಿದ್ದರಿಂದ ಯಾವುದೂ ಅಪರೂಪವಾಗಲಿಲ್ಲ. ಬಹುಪಾಲು ಇಂದಿಗೂ ಕವಡೆ ಬೆಲೆಗೆ ಸಿಗುತ್ತವೆ. ಧಾರಣೆ ಏರಿಳಿಯುವುದನ್ನು ಅಡಿಕೆ ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಅಡಿಕೆಗೆ ಮಂಡಿಯಿದೆ, ಕಾರ್ಡಿಗೆ ನಮ್ಮೂರಲ್ಲಿ ಮಂಡಿಯಿಲ್ಲ. ಅಂಗಡಿಯವನು ಕೊಂಡರೂ ಮಾರುವ ಬೆಲೆಯ ಅರ್ಧದ ಆಸುಪಾಸಿಗೆ ಕೊಳ್ಳುತ್ತಾನೆ, ನಾನೂ ಹಾಗೆಯೇ. ಸಿನಿಮಾಕ್ಕೆ, ಪ್ರವಾಸಕ್ಕೆ ಖರ್ಚು ಮಾಡಿದ ಹಾಗೆ ಖರ್ಚು ಮಾಡಿ.

ಜಾತ್ರೆಯ ಚಿನ್ನದ ಕಾರ್ಡುಗಳು ನಕಲಿ. ನೋಡದೆಯೇ ಹೇಳಬಲ್ಲೆ. ಕಂಪನಿ ಲೋಹದ ಕಾರ್ಡು ತಂದದ್ದುಂಟು, ಉದಾಹರಣೆಗೆ 2021ರಲ್ಲಿ 25ನೇ ವರ್ಷದ ದುಬಾರಿ ವಿಶೇಷ ಪೆಟ್ಟಿಗೆಯೊಂದರಲ್ಲಿ. 55ರ ಕಟ್ಟಾಗಿ ಎಂದೂ ಮಾರಿಲ್ಲ. ಈ ವಿಷಯದಲ್ಲಿ ನಾನೂ ಕೈ ಸುಟ್ಟುಕೊಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಸಗಟು ವ್ಯಾಪಾರಿ ಕಡಿಮೆ ಬೆಲೆಗೆ ಕೊಟ್ಟ ಪ್ಯಾಕ್‌ಗಳನ್ನು ನಂಬಿ ತಂದೆ. ಎರಡನೇ ದಿನ ಒಬ್ಬ ಹುಡುಗ ಎರಡು ಕಾರ್ಡುಗಳನ್ನು ಕೌಂಟರಿನ ಮೇಲಿಟ್ಟು, ‘ಅಂಕಲ್, ಇದರ ಹಿಂದಿನ ನೀಲಿ ಬೇರೆ’ ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಪಕ್ಕದ ಅಕ್ಕಸಾಲಿಗರಿಂದ ಕಣ್ಣಿಗೆ ಇಟ್ಟುಕೊಳ್ಳುವ ಗಾಜನ್ನು ಎರವಲು ತಂದು ನೋಡಿದೆ. ಅಸಲಿ ಕಾರ್ಡಿನಲ್ಲಿ ಚಿತ್ರದ ಬಣ್ಣ ಸಣ್ಣ ಚುಕ್ಕಿಗಳ ಹೂವಿನಂತೆ ಕಾಣುತ್ತದೆ, ಕಪ್ಪು ಅಕ್ಷರ ಮಾತ್ರ ಒಡೆಯದೆ ಗಟ್ಟಿಯಾಗಿರುತ್ತದೆ. ನನ್ನ ಕೈಯಲ್ಲಿದ್ದದ್ದರಲ್ಲಿ ಅಕ್ಷರವೂ ಚುಕ್ಕಿಯೇ. ಅಲ್ಲಿಯವರೆಗೆ ಮಾರಿದ್ದಕ್ಕೆಲ್ಲ ಹಣ ವಾಪಸು ಕೊಟ್ಟೆ. ಆ ಗಾಜಿನಂಥದ್ದೇ ಒಂದು ಅಂದಿನಿಂದ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.

ನಿಮಗೆ ಅಷ್ಟು ಬೇಕಿಲ್ಲ. ಅಸಲಿ ಎಂದು ಖಚಿತವಾಗಿ ಗೊತ್ತಿರುವ ಒಂದು ಸಾಮಾನ್ಯ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳಿ, ಅನುಮಾನ ಬಂದಾಗ ಪಕ್ಕದಲ್ಲಿಟ್ಟು ನೋಡಿ. ಅಳತೆ 63 ಮಿಲಿಮೀಟರ್ ಅಗಲ, 88 ಎತ್ತರ. ಮೊಬೈಲ್ ಟಾರ್ಚಿನ ಮುಂದೆ ಹಿಡಿದರೆ ಅಸಲಿಯ ನಡುಪದರ ಬೆಳಕನ್ನು ತಡೆಯುತ್ತದೆ, ಅಗ್ಗದ ನಕಲಿಯಲ್ಲಿ ಬೆಳಕು ಧಾರಾಳವಾಗಿ ಹಾಯುತ್ತದೆ. ಹಿಂಬದಿಯ ಪೋಕೆಮಾನ್ ಎಂಬ ಹೆಸರಿನಲ್ಲಿ ಇಂಗ್ಲಿಷಿನ ‘ಇ’ ಅಕ್ಷರದ ಮೇಲೆ ಓರೆಗೀಟು ಇರಬೇಕು. ಒಂದೇ ಪರೀಕ್ಷೆಯನ್ನು ನಂಬಬೇಡಿ, ಮೂರೂ ಕೂಡಿಬರಲಿ. ಬಿಡಿ ಪ್ಯಾಕ್ ಕೊಳ್ಳುವಾಗ ಮೇಲಿನ ಕೆಳಗಿನ ಒತ್ತುಗೀರುಗಳು ಸಪಾಟಾಗಿದ್ದರೆ, ಅಂಟು ಇಣುಕುತ್ತಿದ್ದರೆ ಮುಟ್ಟಬೇಡಿ. ಚಿನ್ನದ ಕಾರ್ಡುಗಳನ್ನು ಎಸೆಯಬೇಕಾಗಿಯೂ ಇಲ್ಲ. ಆಟಿಕೆಯಾಗಿ ಇರಲಿ, ಅದಲುಬದಲಿಗೆ ಮಾತ್ರ ಬೇಡ.

ಇನ್ನು ಮಳೆ. ಮಲೆನಾಡಿನವರಿಗೆ ಬೇರೆ ಊರಿನ ಸಂಗ್ರಾಹಕರು ಕೊಡುವ ಸಲಹೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ನಾನು ಹೇಳುವುದು ಇದಕ್ಕೇ. ಹೊಳೆಯುವ ಕಾರ್ಡಿನ ಮುಂಬದಿಯಲ್ಲಿ ತೆಳುವಾದ ಫಾಯಿಲ್ ಪದರವಿದೆ, ಹಿಂದೆ ಕಾಗದ. ಕಾಗದ ತೇವವನ್ನು ಹೀರಿ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ. ಆಗ ಕಾರ್ಡು ಹಂಚಿನ ಮೇಲಿಟ್ಟ ಹಪ್ಪಳದ ಹಾಗೆ ಅಂಚು ಎತ್ತಿ, ಚಿತ್ರವಿರುವ ಕಡೆಗೆ ಬಾಗುತ್ತದೆ. ಬೇಸಿಗೆಯಲ್ಲಿ ಅದೇ ಕಾರ್ಡು ಹಿಂದಕ್ಕೆ ಬಾಗುವುದನ್ನೂ ನೋಡಿದ್ದೇನೆ. ಕಾರ್ಡು ಕೆಟ್ಟಿಲ್ಲ, ಗಾಳಿ ಹಸಿಯಾಗಿದೆ ಅಷ್ಟೇ. ಇಸ್ತ್ರಿ ಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟರೆ ಕೆಲವು ದಿನಗಳಲ್ಲಿ ಬಹುಮಟ್ಟಿಗೆ ಸಪಾಟಾಗುತ್ತದೆ. ಕಿತ್ತಳೆ ಬಣ್ಣದ ಹರಳುಗಳನ್ನು ಕೊಳ್ಳಿ. ತೇವ ತುಂಬಿದಾಗ ಅವು ಹಸಿರಾಗುತ್ತವೆ, ಓವನ್‌ನಲ್ಲಿ ಸುಮಾರು 110 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತವೆ. ಒಂದು ಸಣ್ಣ ತೇವಮಾಪಕ ಡಬ್ಬದೊಳಗಿದ್ದರೆ ಒಳ್ಳೆಯದು. ಶೇಕಡಾ 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ಒಣಗಿಸಿದರೆ ಎದುರು ದಿಕ್ಕಿಗೆ ಬಾಗೀತು.

ಕಾರ್ಡು ಜೋಡಿಸಿಡುವ ಬೈಂಡರಿನ ವಿಷಯದಲ್ಲಿ ಮೂಗನ್ನು ನಂಬಿ. ಹಾಳೆಗಳಿಗೆ ಹೊಸ ರೇನ್‌ಕೋಟಿನ ವಾಸನೆ ಇದ್ದರೆ ಅದು ಪಿವಿಸಿ. ಅದರಲ್ಲಿರುವ ಮೆದುಕಾರಕ ವರ್ಷಗಳ ಮೇಲೆ ಒಸರಿ ಕಾರ್ಡಿಗೆ ಅಂಟುತ್ತದೆ, ಸೆಕೆ ಮತ್ತು ತೇವದಲ್ಲಿ ಇನ್ನೂ ಬೇಗ. ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನೇ ಕೇಳಿ, ಬೆಲೆಯಲ್ಲಿ ಅಂಥ ಅಂತರವೇನಿಲ್ಲ. ರಬ್ಬರ್ ಬ್ಯಾಂಡ್ ಅಂಚನ್ನು ಕಚ್ಚುತ್ತದೆ. ಗೋಡೆಗೆ ತಾಗಿಸಿ, ನೆಲದ ಮೇಲೆ ಯಾವುದನ್ನೂ ಇಡಬೇಡಿ. ಗೆದ್ದಲಿಗೆ ಎಲ್ಲರೂ ಬಯಸುವ ಚಾರಿಜಾರ್ಡ್ ಕಾರ್ಡೂ ಒಂದೇ, ಹಳೆಯ ನೋಟ್‌ಬುಕ್ಕೂ ಒಂದೇ.

ಈಗ ಮುಖ್ಯವಾದ ಮಾತು. ಮಗಳಿಗೆ ಬಾಕಿಯಿರುವ 52 ಕಾರ್ಡುಗಳು ಎಲ್ಲಿವೆ? ಬಹುಪಾಲು ಇನ್ನೊಬ್ಬರ ಮನೆಯ ಶೂ ಡಬ್ಬದಲ್ಲಿವೆ. ನಿಮ್ಮ ಡಬಲ್‌ಗಾಗಿ ಅವರೂ ಹುಡುಕುತ್ತಿದ್ದಾರೆ. ಈ ಹವ್ಯಾಸದಲ್ಲಿ ಅತ್ಯಂತ ಅಗ್ಗವಾಗಿ ಸಿಗುವ ವಸ್ತು ಎಂದರೆ ಇನ್ನೊಬ್ಬ ಸಂಗ್ರಾಹಕ. ಊರಿನ ಅಂಗಡಿಯ ನಿಜವಾದ ಬೆಲೆ ಇರುವುದು ಇಲ್ಲಿ. ಆನ್‌ಲೈನ್ ನಿಮಗೆ ಕಾರ್ಡನ್ನು ಕಳಿಸಬಲ್ಲದು, ಎದುರಿಗೆ ಕೂರಲು ಒಬ್ಬ ಜೊತೆಗಾರನನ್ನು ಕಳಿಸಲಾರದು.

ನಮ್ಮ ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜಿದೆ, ಭಾನುವಾರ ಮಧ್ಯಾಹ್ನ ಅದನ್ನು ಖಾಲಿ ಬಿಡುತ್ತೇವೆ. ಐದಾರು ಮಕ್ಕಳು, ಇಬ್ಬರು ಕಾಲೇಜಿನವರು, ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಾರೆ. ಒಬ್ಬ ಹುಡುಗ ಕಪ್ಪೆಗಳನ್ನು ಮಾತ್ರ ಕೂಡಿಸುತ್ತಾನೆ: ಪೋಲಿವಾಗ್, ಫ್ರೋಕಿ, ಕ್ರೊಗಂಕ್. ಅವನ ಅಜ್ಜಿಯ ಮನೆ ಆಗುಂಬೆಯ ಹತ್ತಿರ, ಕಪ್ಪೆಯ ಕೂಗಿನಲ್ಲೇ ಬೆಳೆದವನು. ಅವನ ಬೈಂಡರಿನಲ್ಲಿ ಹೆಚ್ಚಿನವು ಸಾಮಾನ್ಯ ಕಾರ್ಡುಗಳೇ, ಮೇಜಿನ ಮೇಲೆ ಎಲ್ಲರೂ ಅವನಿಗೆ ಸುಮ್ಮನೆ ಕೊಟ್ಟವು. ಆದರೆ ಆ ಹಾಳೆಗಳನ್ನು ತಿರುಗಿಸುವಾಗ ನನಗೆ ಆಗುವ ಸಂತೋಷ, ಸಾವಿರಾರು ರೂಪಾಯಿಯ ಒಂಟಿ ಕಾರ್ಡನ್ನು ನೋಡಿದಾಗ ಆಗಿಲ್ಲ.

ಆದ್ದರಿಂದ ‘ಪೂರ್ತಿ’ ಎಂದರೆ ಏನು ಎಂದು ಮಗಳ ಜೊತೆ ಕೂತು ಮತ್ತೊಮ್ಮೆ ತೀರ್ಮಾನಿಸಿ. ನಿಮ್ಮದು 198ರ ಸೆಟ್ ಎಂದಿದ್ದೀರಿ. 2023ರ ‘ಸ್ಕಾರ್ಲೆಟ್ ಅಂಡ್ ವಯೊಲೆಟ್’ ಮೊದಲ ಸೆಟ್ ಆಗಿದ್ದರೆ, ಕಾರ್ಡಿನ ಮೇಲೆ 198 ಎಂದು ಅಚ್ಚಾಗಿದ್ದರೂ ಆ ಎಣಿಕೆಗೆ ಮೀರಿದ ಗುಪ್ತ ಕಾರ್ಡುಗಳು ಸೇರಿ ಒಟ್ಟು 258 ಇವೆ. ಆ ಕೊನೆಯ 60ರ ಬೆನ್ನು ಹತ್ತಿದರೆ ತೋಟದ ಬೇಲಿಯ ಖರ್ಚು ಹುಟ್ಟುವುದಿಲ್ಲ. 198ಕ್ಕೆ ನಿಲ್ಲಬಹುದು. ಅಥವಾ ಒಬ್ಬ ಚಿತ್ರಕಾರನನ್ನು ಹಿಡಿಯಬಹುದು. ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬಿಡಿಸಿದವರ ಹೆಸರಿರುತ್ತದೆ. ಮೊತ್ತಮೊದಲ ಚಾರಿಜಾರ್ಡನ್ನು ಬಿಡಿಸಿದ ಮಿತ್ಸುಹಿರೊ ಅರಿಟಾ ಎಷ್ಟೋ ಸಾಮಾನ್ಯ ಕಾರ್ಡುಗಳನ್ನೂ ಬಿಡಿಸಿದ್ದಾರೆ, ಅವು ದುಬಾರಿಯಲ್ಲ.

ಬಿಡಿ ಕಾರ್ಡು ಕೊಳ್ಳುವುದು ಇನ್ನೊಂದು ದಾರಿ. ಬೇಕಾದ ಕಾರ್ಡನ್ನೇ ನೋಡಿ, ಮುಟ್ಟಿ, ಅದಕ್ಕಷ್ಟೇ ದುಡ್ಡು ಕೊಡುತ್ತೀರಿ. ಇಲ್ಲಿ ಅಡಿಕೆಯವರಿಗೆ ಒಂದು ಅನುಕೂಲವಿದೆ, ದರ್ಜೆ ಎಂದರೇನು ಎಂದು ನಿಮಗೆ ಗೊತ್ತು. ಸರಕು, ಬೆಟ್ಟೆ, ರಾಶಿ, ಗೊರಬಲು ಇದ್ದ ಹಾಗೆಯೇ ಕಾರ್ಡಿಗೂ ದರ್ಜೆಗಳಿವೆ. ಅಂಚು ಬೆಳ್ಳಗಾದ, ಮೂಲೆ ಸವೆದ ಕಾರ್ಡಿನ ಬೆಲೆ ಗಣನೀಯವಾಗಿ ಇಳಿಯುತ್ತದೆ. ಮಾರುವ ಉದ್ದೇಶವಿಲ್ಲದವರು ಗೊರಬಲನ್ನೇ, ಅಂದರೆ ಕೆಳದರ್ಜೆಯದನ್ನೇ, ಕೇಳಿ ಪಡೆಯಿರಿ. ತೆಳು ಪ್ಲಾಸ್ಟಿಕ್ ಸ್ಲೀವ್ ಹಾಕಿ ಬೈಂಡರಿನಲ್ಲಿಟ್ಟರೆ ಚಿತ್ರ ಅದೇ ಚಿತ್ರ. ನಮ್ಮ ಕಡೆಯ ಹೆಚ್ಚಿನ ಅಂಗಡಿಗಳು ಬಿಡಿ ಕಾರ್ಡು ಇಡುವುದಿಲ್ಲ ಎಂಬುದು ನಿಜ. ಕೇಳುವವರಿಲ್ಲ ಎಂದು ಇಡುವುದಿಲ್ಲ. ಕೇಳಿ.

ಆನ್‌ಲೈನ್ ಅಗ್ಗವೇ ಎಂದರೆ, ಕೆಲವೊಮ್ಮೆ ಹೌದು. ಮುಚ್ಚಿದ ಪ್ಯಾಕ್‌ಗಳಲ್ಲಿ ಉಳಿಯುವ ಅಲ್ಪಸ್ವಲ್ಪ ಹಣವನ್ನು ಸಾಗಣೆ ವೆಚ್ಚ ನುಂಗುತ್ತದೆ, ನಕಲಿ ಬಂದರೆ ವಾಪಸಾತಿಗೆ ಪರದಾಟ. ಆದರೆ ಊರಿನಲ್ಲಿ ಸಿಗದ ಬಿಡಿ ಕಾರ್ಡುಗಳನ್ನು ಬೆಂಗಳೂರಿನ ಮಾರಾಟಗಾರರಿಂದ ತರಿಸುವುದು ಜಾಣತನವೇ. ನಾಲ್ಕೈದು ಜನ ಸೇರಿ ಒಂದೇ ಪಾರ್ಸೆಲ್ ಮಾಡಿಸಿ, ಹಣ ಕಳಿಸುವ ಮೊದಲು ಕಾರ್ಡಿನ ಎರಡೂ ಬದಿಯ ಫೋಟೊ ಕೇಳಿ. ಮುಚ್ಚಿದ ಪ್ಯಾಕ್ ಬೇಕೆಂದರೆ ಆರು ಜನ ಸೇರಿ ಪರಿಚಯದ ಅಂಗಡಿಯವನಿಗೆ ಮುಂಗಡ ಕೊಟ್ಟು 36 ಪ್ಯಾಕ್‌ಗಳ ಪೂರ್ತಿ ಪೆಟ್ಟಿಗೆ ತರಿಸಿ, ಆರಾರು ಹಂಚಿಕೊಳ್ಳಿ. ಮಾರಾಟ ಖಚಿತವಾದರೆ ಅಂಗಡಿಯವನು ಬೆಲೆ ಇಳಿಸುತ್ತಾನೆ, ನಾನು ಇಳಿಸುತ್ತೇನೆ. ಇದರಲ್ಲೂ ಅಪಾಯ ಒಂದಿದೆ: ಒಬ್ಬನಿಗೆ ಒಳ್ಳೆಯ ಕಾರ್ಡು ಬಂದು ಐವರಿಗೆ ಬಾರದಿದ್ದರೆ ಮನಸ್ತಾಪವಾಗುತ್ತದೆ. ಒಡೆಯುವ ಮುನ್ನವೇ ಹಂಚಿಕೆಯ ಮಾತು ಆಗಿರಲಿ.

ಅದಲುಬದಲಿನಲ್ಲಿ ಸಣ್ಣ ಮಕ್ಕಳು ಮೋಸ ಹೋಗುವುದುಂಟು. ಹೊಳಪಿಗೆ ಮರುಳಾಗಿ ಒಳ್ಳೆಯದನ್ನು ಕೊಟ್ಟುಬಿಡುತ್ತಾರೆ. ನಮ್ಮ ಮೇಜಿನಲ್ಲಿ ಹದಿನಾಲ್ಕು ವರ್ಷದೊಳಗಿನವರ ಬದಲಾವಣೆ ಮುಂದಿನ ಭಾನುವಾರದವರೆಗೆ ಅಂತಿಮವಲ್ಲ. ಮನೆಯಲ್ಲಿ ತೋರಿಸಿ ಬರಬೇಕು. ಈ ನಿಯಮ ತಂದ ಮೇಲೆ ಜಗಳ ನಿಂತಿತು. ನಿಮ್ಮ ಶಾಲೆಯ ಮಕ್ಕಳ ನಡುವೆಯೂ ಇದನ್ನು ತರಬಹುದು.

ಆದರೆ ಡಬಲ್‌ಗಳನ್ನು ಮಾರಬೇಡಿ, ಕೈಗೆ ಏನೂ ಬರುವುದಿಲ್ಲ. ಅವುಗಳಿಂದ ಆಡಿ. ಪೋಕೆಮಾನ್ ಆಟಕ್ಕೆ ಬೇಕಾದದ್ದು 60 ಕಾರ್ಡುಗಳ ಡೆಕ್, ದಾಳಿಗೆ ಶಕ್ತಿ ಕೊಡುವ ಮೂಲ ಎನರ್ಜಿ ಕಾರ್ಡುಗಳನ್ನು ಬಿಟ್ಟು ಒಂದು ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ನಿಮ್ಮ ಇನ್ನೂರರಲ್ಲಿ ಎರಡು ಡೆಕ್ ಧಾರಾಳವಾಗಿ ಆಗುತ್ತವೆ, ಎನರ್ಜಿ ಕೊರತೆಯಾದರೆ ಅದು ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ಕಾರ್ಡು. ಏಳು ಕಾರ್ಡು ಕೈಯಲ್ಲಿ, ಆರು ಬಹುಮಾನವಾಗಿ ಮಗುಚಿ ಪಕ್ಕಕ್ಕೆ. ನಿಯಮ ಒಂದು ಸಂಜೆಯಲ್ಲಿ ಕಲಿಯಬಹುದು, ಮಳೆಗಾಲದ ಕರೆಂಟಿಲ್ಲದ ರಾತ್ರಿಗೆ ಲಾಟೀನಿನ ಬೆಳಕೇ ಸಾಕು. ನಿಮ್ಮ ತಾಯಿಯವರಿಗೂ ಒಂದು ಡೆಕ್ ಕೊಟ್ಟು ಕೂರಿಸಿಕೊಳ್ಳಿ. ಚೌಕಾಬಾರ ಆಡಿದ ಕೈ ಇದನ್ನು ಬೇಗ ಹಿಡಿಯುತ್ತದೆ ಎಂಬುದನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ.

ಮುಂದಿನ ಬಾರಿ ಮಂಡಿಗೆ ಬರುವಾಗ ಪ್ಯಾಕ್‌ಗೆಂದು ತೆಗೆದಿಟ್ಟ ಹಣವನ್ನು ಮನೆಯಲ್ಲೇ ಬಿಟ್ಟು, ಡಬಲ್‌ಗಳ ಡಬ್ಬ ಮತ್ತು ಬಾಕಿ 52ರ ಪಟ್ಟಿಯನ್ನು ತನ್ನಿ. ಹೆಸರಿನ ಬದಲು ಕಾರ್ಡಿನ ಕೆಳಮೂಲೆಯ ಸಂಖ್ಯೆಯನ್ನೇ ಮಗಳು ಬರೆಯಲಿ, ಸಾಲಾಗಿ, ಚಿಕ್ಕದರಿಂದ ದೊಡ್ಡದಕ್ಕೆ. ಮೇಜಿನ ಮೇಲೆ ಆರು ಡಬ್ಬಗಳನ್ನು ಒಟ್ಟಿಗೆ ಹುಡುಕುವಾಗ ಅದು ಬಹಳ ಸಮಯ ಉಳಿಸುತ್ತದೆ.